ಪೋರ್ ಕಾರ್ಡ್‌ನಿಂದ ಬಿಲ್‌ವರೆಗೆ: ವರ್ಕ್‌ಫ್ಲೋಗಳನ್ನು ಜೋಡಿಸುವ ಬಗೆ

ಕಟ್ಟಡದ ಸೈಟ್‌ನಲ್ಲಿ ಒಂದು ಸ್ಲ್ಯಾಬ್ ಹಾಕಿದರೆ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ಕನಿಷ್ಠ ನಾಲ್ಕು ವರ್ಕ್‌ಫ್ಲೋ (ಕೆಲಸದ ಹಂತಗಳ ಸರಣಿ) ಓಡುತ್ತವೆ: ಕಂಬಿ-ಶಟರಿಂಗ್ ತಪಾಸಣೆ, ಪೋರ್ ಕಾರ್ಡ್ (ಕಾಂಕ್ರೀಟ್ ಹಾಕುವುದರ ದಾಖಲೆ), ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ಕ್ಯೂಬ್‌ಗಳನ್ನು ಒತ್ತಿ ಒಡೆದು ಬಲ ಅಳೆಯುವುದು), ಆರ್‌ಎ ಬಿಲ್ (ಆದಷ್ಟು ಕೆಲಸಕ್ಕೆ ಆಗಾಗ ಮಾಡುವ ರನ್ನಿಂಗ್ ಅಕೌಂಟ್ ಬಿಲ್). ಇವು ಬಿಡಿಬಿಡಿಯಾಗಿದ್ದರೆ ಕ್ಯೂಬ್ ಫೇಲಾದ ಸುದ್ದಿ ಬಿಲ್ಲಿಂಗ್‌ನವರಿಗೆ ಮುಟ್ಟುವಷ್ಟರಲ್ಲಿ ದುಡ್ಡು ಹೋಗಿರುತ್ತದೆ.

ಮೊದಲು ಪೋರ್ ನಂಬರ್ ಗಟ್ಟಿ ಮಾಡಿ. ‘ಬಿ2-3-ಎಸ್04’ ಎಂದರೆ ಎರಡನೇ ಬ್ಲಾಕ್, ಮೂರನೇ ಮಹಡಿ, ನಾಲ್ಕನೇ ಸ್ಲ್ಯಾಬ್. ತಪಾಸಣೆ ಫಾರ್ಮ್‌ನಲ್ಲಿ ಇದನ್ನು ಪಟ್ಟಿಯಿಂದ ಆರಿಸುವಂತಿರಲಿ. ಮುಂದಿನ ಮೂರಕ್ಕೂ ತಾನಾಗಿ ಇಳಿಯಲಿ. ಕೈಯಿಂದ ಟೈಪ್ ಮಾಡಲು ಬಿಟ್ಟರೆ ಒಂದೇ ಸ್ಲ್ಯಾಬ್‌ಗೆ ಮೂರು ಹೆಸರು ಹುಟ್ಟಿ ಕೊಂಡಿ ಕಳಚುತ್ತದೆ.

ತಪಾಸಣೆ ‘ಅನುಮೋದಿತ’ ಆದಾಗ ಮಾತ್ರ ಪೋರ್ ಕಾರ್ಡ್ ತೆರೆಯಬೇಕು, ‘ಸಲ್ಲಿಸಲಾಗಿದೆ’ ಆದಾಗಲ್ಲ. ಟ್ರಿಗರ್ (ಕಾರ್ಡ್ ಯಾವಾಗ ತಾನಾಗಿ ತೆರೆಯಬೇಕೆಂಬ ಸೆಟ್ಟಿಂಗ್) ಅನ್ನು ‘ಪ್ರತಿ ತಿದ್ದುಪಡಿಗೆ’ ಎಂದು ಇಟ್ಟಿದ್ದರೆ, ಅನುಮೋದನೆಯ ನಂತರ ಯಾರೋ ಒಂದು ಫೋಟೊ ಸೇರಿಸಿದರೂ ಇನ್ನೊಂದು ಕಾರ್ಡ್ ಹುಟ್ಟುತ್ತದೆ. ‘ಈ ನಂಬರಿಗೆ ಕಾರ್ಡ್ ಇಲ್ಲದಿದ್ದರೆ’ ಎಂಬ ಷರತ್ತೂ ಸೇರಿಸಿ.

ಹೆಚ್ಚು ಎಡವುವುದು ಕ್ಯೂಬ್ ಟೆಸ್ಟ್‌ನಲ್ಲಿ. 7 ಮತ್ತು 28 ದಿನದ ಲೆಕ್ಕ ಕಾಂಕ್ರೀಟ್ ಬಿದ್ದ ದಿನದಿಂದ ಶುರುವಾಗಬೇಕು. ಮಾರ್ಚ್ 3ಕ್ಕೆ ಹಾಕಿದ ಸ್ಲ್ಯಾಬ್‌ನ ಕಾರ್ಡನ್ನು 6ಕ್ಕೆ ತುಂಬಿದರೂ ಟೆಸ್ಟ್ ಮಾರ್ಚ್ 10 ಮತ್ತು 31ಕ್ಕೇ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ರಜೆ ಬಿಟ್ಟು ಎಣಿಸುವ ಸೆಟ್ಟಿಂಗ್ ಮೊದಲೇ ಆನ್ ಆಗಿರುತ್ತದೆ. ಇಲ್ಲಿ ಅದನ್ನು ತೆಗೆಯಿರಿ. ಸ್ಯಾಂಪಲ್ ಸಂಖ್ಯೆ ಕಾಂಕ್ರೀಟ್‌ನ ಭಾರತೀಯ ಮಾನದಂಡವಾದ ಐಎಸ್ 456:2000ರ ಪ್ರಕಾರ ಕಾಂಕ್ರೀಟ್‌ನ ಪರಿಮಾಣದಿಂದ ಬರಲಿ: 62 ಘನ ಮೀಟರ್‌ಗೆ 5 ಸ್ಯಾಂಪಲ್, ಒಂದಕ್ಕೆ 3ರಂತೆ 28 ದಿನದ್ದೇ 15 ಕ್ಯೂಬ್. ಅದಕ್ಕೆ ಆಧಾರ ನಿಜವಾಗಿ ಬಿದ್ದ ಕಾಂಕ್ರೀಟ್‌ನ ಪರಿಮಾಣ, ಡ್ರಾಯಿಂಗ್‌ನದ್ದಲ್ಲ.

ಫಲಿತಾಂಶಕ್ಕೆ ಪಾಸ್, ಫೇಲ್ ಎರಡೇ ಇಟ್ಟರೆ ಸಾಲದು, ‘ಅಸಿಂಧು’ವೂ ಬೇಕು. ಎಂ25ರ (28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬೇಕಾದ ಕಾಂಕ್ರೀಟ್‌ನ) ಮೂರು ಕ್ಯೂಬ್ 24, 29, 34 ಬಂದರೆ ಸರಾಸರಿ 29, ನೋಡಲು ಚೆನ್ನಾಗಿದೆ. ಆದರೆ 24 ಮತ್ತು 34 ಸರಾಸರಿಯಿಂದ ಶೇ. 15ಕ್ಕಿಂತ ಆಚೆ ಇರುವುದರಿಂದ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ.

ತಡೆ ಎಲ್ಲಿ ಹಾಕುತ್ತೀರಿ ಎಂಬುದೇ ಮುಖ್ಯ. 28 ದಿನದ ಫಲಿತಾಂಶಕ್ಕೆ ಮುಂದಿನ ಮಹಡಿಯ ತಪಾಸಣೆಯನ್ನು ಕಟ್ಟಿಹಾಕಿದರೆ ಸೈಟ್ ನಿಲ್ಲುತ್ತದೆ, ಆಮೇಲೆ ಎಲ್ಲರೂ ವಾಟ್ಸಾಪ್‌ನಲ್ಲೇ ಅನುಮತಿ ಪಡೆಯುತ್ತಾರೆ. ತಡೆಯನ್ನು ಬಿಲ್‌ಗೆ ಹಾಕಿ, ಅದೂ ಒಪ್ಪಂದದಲ್ಲಿ ತಡೆಹಿಡಿಯಬಹುದೆಂದು ಇರುವಷ್ಟು ಮೊತ್ತಕ್ಕೆ ಮಾತ್ರ. 7 ದಿನದ್ದು ಕಡಿಮೆ ಬಂದರೆ ಕ್ವಾಲಿಟಿ ಎಂಜಿನಿಯರ್‌ಗೆ ಸೂಚನೆ ಹೋದರೆ ಸಾಕು.

ಹಿಮ್ಮುಖ ದಾರಿಯನ್ನೂ ಬರೆದಿಡಿ. ತಪಾಸಣೆಯ ಅನುಮೋದನೆ ಹಿಂಪಡೆದರೆ ಇನ್ನೂ ಕಾಂಕ್ರೀಟ್ ಬೀಳದ ಕಾರ್ಡ್ ‘ತಡೆ’ಗೆ ಹೋಗಬೇಕು, ಬಿದ್ದಿದ್ದರೆ ಕಾರ್ಡನ್ನು ಮುಟ್ಟದೆ ಎನ್‌ಸಿಆರ್ (ನಿಯಮಕ್ಕೆ ಹೊಂದದ ಕೆಲಸದ ವರದಿ) ತೆರೆಯಬೇಕು. ಕೊಂಡಿಗಳನ್ನು ಯಾವ ಎಂಜಿನಿಯರ್‌ನ ಸ್ವಂತ ಲಾಗಿನ್‌ನಲ್ಲೂ ಮಾಡಬೇಡಿ. ಅವರು ಕೆಲಸ ಬಿಟ್ಟು ಖಾತೆ ಮುಚ್ಚಿದ ದಿನ ಸರಪಳಿ ಸದ್ದಿಲ್ಲದೆ ನಿಲ್ಲಬಹುದು. ಒಂದು ಸುಳ್ಳು ಪೋರ್ ನಂಬರ್ ಹಾಕಿ ಪಾಸ್, ಫೇಲ್, ಅಸಿಂಧು, ಅನುಮೋದನೆ ರದ್ದು ಈ ನಾಲ್ಕನ್ನೂ ಓಡಿಸಿ ನೋಡಿದ ಮೇಲೆಯೇ ಸೈಟ್‌ಗೆ ಬಿಡಿ.