ಅಂಡಾಶಯದ ಬಾರ್ಡರ್‌ಲೈನ್ ಗಡ್ಡೆ: ವರದಿಯಲ್ಲಿ ಏನೇನು ಇರಬೇಕು

ಬಯಾಪ್ಸಿ ವರದಿಯಲ್ಲಿ ‘ಬಾರ್ಡರ್‌ಲೈನ್’ ಎಂದು ಬಂದರೆ ಮನೆಯವರಿಗೆ ಏಳುವ ಪ್ರಶ್ನೆ ಒಂದೇ: ಇದು ಕ್ಯಾನ್ಸರೋ, ಅಲ್ಲವೋ? ಜೀವಕೋಶಗಳು ಅಂಕೆ ಮೀರಿ ಬೆಳೆದಿವೆ, ಆದರೆ ಸುತ್ತಲಿನ ಅಂಗಾಂಶವನ್ನು ಕೊರೆದು ಒಳಹೊಕ್ಕಿಲ್ಲ ಎಂದು ಅದರ ಅರ್ಥ.

ಸ್ಕ್ಯಾನಿಂಗ್‌ನಲ್ಲಿ ನೀರುಗುಳ್ಳೆಯ ಒಳಗೋಡೆಗೆ ಮೊಗ್ಗಿನಂಥ ಬೆಳವಣಿಗೆ ಅಂಟಿದ್ದರೆ ಅನುಮಾನ ಬರುತ್ತದೆ. ಅಂಡಾಶಯದ ಗಡ್ಡೆಗಳಲ್ಲಿ ಏರಬಹುದಾದ ಸಿಎ-125 ಎಂಬ ಪ್ರೋಟೀನಿನ ರಕ್ತಪರೀಕ್ಷೆ ಸರಿಯಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ, ಹಾಗಾಗಿ ಏರಿದ ಮಾತ್ರಕ್ಕೆ ಹೆದರುವಂತೆಯೂ ಇಲ್ಲ. ಆಪರೇಷನ್ ನಡೆಯುವಾಗಲೇ ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಕೂಡ, ದೊಡ್ಡ ಮ್ಯೂಸಿನಸ್ (ಲೋಳೆ ತುಂಬಿದ) ಗಡ್ಡೆಗಳಲ್ಲಿ ತಪ್ಪುವುದುಂಟು. ಕೊನೆಯ ಮಾತು, ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್‌ನದೇ.

ಆ ಬ್ಲಾಕ್ ಕೆಡುವುದು ಹೆಚ್ಚಾಗಿ ಗಡ್ಡೆಯನ್ನು ಲ್ಯಾಬಿಗೆ ಕಳಿಸುವ ಡಬ್ಬದಲ್ಲಿ. ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಒಳಗಿಳಿಯುತ್ತದೆ. ಸಣ್ಣ ಡಬ್ಬಕ್ಕೆ ಗಡ್ಡೆಯನ್ನು ಇರುಕಿಸಿ ತುಂಬಿದರೆ, ಶಿರಸಿಯಿಂದ ಹುಬ್ಬಳ್ಳಿಗೋ ಕಾರವಾರದಿಂದ ಮಣಿಪಾಲಕ್ಕೋ ಹೋಗಿ ಸರದಿ ಕಾಯುವಷ್ಟರಲ್ಲಿ ನಡುಭಾಗ ಕೊಳೆಯತೊಡಗುತ್ತದೆ. ಅಗಲ ಬಾಯಿಯ ಡಬ್ಬ, ಗಡ್ಡೆಯ ಹತ್ತು ಪಟ್ಟು 10% ಫಾರ್ಮಲಿನ್ ಬೇಕು. ದೊಡ್ಡ ಗಡ್ಡೆಯನ್ನು ಹೇಗೆ ಕಳಿಸಬೇಕೆಂದು ಲ್ಯಾಬಿಗೆ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ವರದಿಯಲ್ಲಿ ಮೊದಲು ಗಡ್ಡೆಯ ಬಗೆ ನೋಡಿ: ತೆಳು ನೀರು ತುಂಬುವ ಸೀರಸ್ಸೋ, ಮ್ಯೂಸಿನಸ್ಸೋ. ಮ್ಯೂಸಿನಸ್ ಗಡ್ಡೆ ಎರಡೂ ಅಂಡಾಶಯಗಳಲ್ಲಿ ಇದ್ದರೆ ಮೂಲ ಅಪೆಂಡಿಕ್ಸ್‌ನಲ್ಲೋ ಕರುಳಿನಲ್ಲೋ ಇರಬಹುದು, ಹುಡುಕಲೇಬೇಕು. ಎಷ್ಟು ಬ್ಲಾಕ್ ತೆಗೆದಿದ್ದಾರೆಂದು ಎಣಿಸಿ. ಗಡ್ಡೆಯ ಪ್ರತಿ ಸೆಂಟಿಮೀಟರಿಗೆ ಕನಿಷ್ಠ ಒಂದು, 10 ಸೆಂ.ಮೀ. ಮೀರಿದ ಮ್ಯೂಸಿನಸ್‌ಗೆ ಸೆಂಟಿಮೀಟರಿಗೆ ಎರಡು. 15 ಸೆಂ.ಮೀ. ಗಡ್ಡೆಗೆ ನಾಲ್ಕೇ ಬ್ಲಾಕ್ ಇದ್ದರೆ ಆ ವರದಿಯನ್ನು ನಂಬಿ ಮುಂದಡಿ ಇಡಬೇಡಿ, ಇನ್ನಷ್ಟು ತೆಗೆಯಲು ಕೇಳಿ. ಹೊರಪದರ ಒಡೆದಿತ್ತೇ, ಸಣ್ಣ ಬೆರಳಿನಂಥ ಚಾಚುಗಳ ಮೈಕ್ರೋಪ್ಯಾಪಿಲರಿ ವಿನ್ಯಾಸವಿದೆಯೇ, ಹೊಟ್ಟೆಯ ಪೊರೆಯಲ್ಲಿ ಗಡ್ಡೆಯ ಜೀವಕೋಶಗಳು ಅಂಟಿ ಬೆಳೆದ ಇಂಪ್ಲಾಂಟ್‌ಗಳಿವೆಯೇ ಎಂಬುದೂ ಬರೆದಿರಬೇಕು. ಭವಿಷ್ಯವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಈ ಇಂಪ್ಲಾಂಟ್‌ಗಳೇ. ಸೀರಸ್ ಗಡ್ಡೆಯಲ್ಲಿ ಅವು ಒಳಕೊರೆಯುವಂಥವಾಗಿದ್ದರೆ ಈಗ ಅದನ್ನು ಲೋ-ಗ್ರೇಡ್ (ನಿಧಾನವಾಗಿ ಬೆಳೆಯುವ) ಸೀರಸ್ ಕ್ಯಾನ್ಸರ್ ಎಂದೇ ಕರೆಯುತ್ತಾರೆ, ಚಿಕಿತ್ಸೆಯ ದಾರಿಯೇ ಬೇರೆ.

ಗಡ್ಡೆ ಅಂಡಾಶಯದಲ್ಲೇ ಇದ್ದ ಮೊದಲ ಹಂತದಲ್ಲಿ ಐದು ವರ್ಷ ಬದುಕುವವರು 95%ಕ್ಕೂ ಹೆಚ್ಚು. ಕಿಮೊಥೆರಪಿಯಿಂದ ಇಲ್ಲಿ ಲಾಭವಿಲ್ಲ. ಗುಳ್ಳೆಯನ್ನಷ್ಟೇ ಬಿಡಿಸಿ ತೆಗೆದರೆ, ಇಡೀ ಅಂಡಾಶಯ ತೆಗೆದದ್ದಕ್ಕಿಂತ ಮರುಕಳಿಸುವುದು ಹೆಚ್ಚು. ಆದರೆ ಮರಳಿ ಬಂದದ್ದೂ ಬಹುಪಾಲು ಬಾರ್ಡರ್‌ಲೈನೇ, ಮತ್ತೆ ಆಪರೇಷನ್‌ನಿಂದ ತೆಗೆಯಬಹುದು. ಮಕ್ಕಳು ಬೇಕೆನ್ನುವ ಹೆಣ್ಣುಮಗಳಿಗೆ ಈ ಆಯ್ಕೆಯನ್ನು ಬಿಡಿಸಿ ಹೇಳಲೇಬೇಕು.

ಹತ್ತು ವರ್ಷದ ಮೇಲೂ ಮರುಕಳಿಸಿದ್ದುಂಟು. ಐದು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆಗುವುದರಿಂದ ವರ್ಷದ ತಪಾಸಣೆಯನ್ನು ಮೇ ತಿಂಗಳೊಳಗೇ ಮುಗಿಸಿಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಸ್ಲೈಡ್ ಜೊತೆಗೆ ಬ್ಲಾಕ್‌ಗಳನ್ನೂ ಒಯ್ಯಿರಿ; ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೇಣ ಕರಗಬಹುದು.