ಪರದೇಶದ ಗಿರಾಕಿ ‘ಆಗುವುದಿಲ್ಲ’ ಅನ್ನೋದು ಎಲ್ಲಿ? ಉದ್ಯಮಬಾಗದ ಫೌಂಡ್ರಿಯಿಂದ ನನ್ನ ಅನುಭವ

ಎಕ್ಸ್‌ಪೋರ್ಟ್ ಕಾಸ್ಟಿಂಗ್ (ಎರಕದ ಮಾಲು) ವ್ಯಾಪಾರ ಉಳಿಯಬೇಕಾದರೆ ದೇಶಕ್ಕೊಂದು ರೀತಿ ಮಾತಾಡಬೇಕು ಅಂತ ನಾನು ಅಂದಾಗ ಬೆಳಗಾವಿಯಲ್ಲಿ ಯಾರೂ ಒಪ್ಪಲಿಲ್ಲ. “ಮಾಲು ಚಲೋ ಇದ್ರ ಸಾಕ್ರಿ, ಮಾತಿನ್ಯಾಗ ಏನೈತಿ” ಅಂದವರೇ ಹೆಚ್ಚು. ಈಗ ನಮ್ಮಲ್ಲಿ ತಡವಾದ ಮಾಲಿಗೆ ವಿಮಾನದ ಬಾಡಿಗೆ ಕಟ್ಟುವುದು ಹೆಚ್ಚುಕಡಿಮೆ ನಿಂತಿದೆ. ಒಂದು ಟನ್ ಮಾಲು ವಿಮಾನದಲ್ಲಿ ಜರ್ಮನಿಗೆ ಹೋದರೆ ಅಂದಾಜು ಎರಡೂವರೆ–ಮೂರು ಲಕ್ಷ. ಅಷ್ಟು ದುಡ್ಡು ಹೋಗುವುದು ಎರಕದೊಳಗೆ ಗಾಳಿ ಸಿಕ್ಕಿ ಆಗುವ ಬ್ಲೋಹೋಲ್‌ನಿಂದಲ್ಲ, ಬಹುತೇಕ ಕೆಟ್ಟ ಸುದ್ದಿ ತಡವಾಗಿ ಮುಟ್ಟಿದ್ದರಿಂದ.

ಜರ್ಮನ್, ಡಚ್ ಗಿರಾಕಿಗೆ ಕೆಟ್ಟ ಸುದ್ದಿ ಮೊದಲ ಸಾಲಿನಲ್ಲೇ ಇರಬೇಕು: “400ರಲ್ಲಿ 260 ಮಾತ್ರ ಈ ಕಂಟೇನರ್‌ನಲ್ಲಿ. ಕೋರ್ ಬಾಕ್ಸ್ ಒಡೆದಿದೆ. ಉಳಿದ 140 ಇಂಥ ತಾರೀಖಿಗೆ.” (ಕೋರ್ ಬಾಕ್ಸ್ ಅಂದರೆ ಕಾಸ್ಟಿಂಗಿನ ಒಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ ಮಾಡುವ ಪೆಟ್ಟಿಗೆ.) ಕ್ಷಮೆ ಕೊನೆಗೆ, ಒಂದೇ ಸಾಲು. ಮೂರು ಪ್ಯಾರಾ ಮರ್ಯಾದೆಯ ಮಾತು ಬರೆದು ಅಡಿಯಲ್ಲಿ ಸುದ್ದಿ ಇಟ್ಟರೆ ಮುಚ್ಚಿಟ್ಟರು ಅಂತಲೇ ಓದಿಕೊಳ್ಳುತ್ತಾರೆ. ಅವರು ಖಾರವಾಗಿ ಬರೆದರೆ ಅದು ಕಾಸ್ಟಿಂಗಿಗೆ ಅಂದ ಮಾತು, ಮಾಲಕರಿಗಲ್ಲ. ನಮ್ಮವರು ಮನಸ್ಸಿಗೆ ಹಚ್ಚಿಕೊಂಡು ಸಮಾಧಾನದ ಫೋನ್ ಮಾಡುತ್ತ ಕೂಡುತ್ತಾರೆ, ಅಷ್ಟರಲ್ಲಿ ದೋಷದ ಕಾರಣ, ಪರಿಹಾರವನ್ನು ಎಂಟು ಹಂತದಲ್ಲಿ ಬರೆದು ಕೊಡುವ 8ಡಿ ರಿಪೋರ್ಟ್ ತಡವಾಗುತ್ತದೆ. ಕೆಟ್ಟ ಮಾಲನ್ನು ಬೇರ್ಪಡಿಸಿದ್ದನ್ನು ಹೇಳುವ ಮೂರನೇ ಹಂತ, ಡಿ3, ಮರುದಿನವೇ ಹೋಗಬೇಕು. ಮೂಲ ಕಾರಣ ಹೇಳುವ ಡಿ4ರಲ್ಲಿ “ಕೆಲಸಗಾರನಿಗೆ ತಾಕೀತು ಮಾಡಲಾಗಿದೆ” ಅಂತ ಬರೆದರೆ ತಿರುಗಿ ಬರುತ್ತದೆ. ಮರಳಿನ ತೇವ 3.5 ಇರಬೇಕಾದದ್ದು 4.8 ಶೇಕಡಾ ಇತ್ತು ಅಂತ ಅಂಕಿ ಕೊಟ್ಟರೆ ಒಪ್ಪಿಗೆಯಾಗುತ್ತದೆ.

ಅಮೆರಿಕದವರನ್ನೂ ಈ ಸಾಲಿಗೇ ಸೇರಿಸುತ್ತಾರೆ. ಆರ್ಡರ್, ದರ, ತಾರೀಖು ಅವರು ಬಿಚ್ಚಿ ಹೇಳುವುದು ಖರೆ, ಆದರೆ ದೂರು ಬಂದಾಗ ಹೊಗಳಿಕೆಯ ನಡುವೆ ಇಡುತ್ತಾರೆ. ಎರಡು ಸಾಲು ಮೆಚ್ಚುಗೆ ಆದಮೇಲೆ ಬರುವ “ಒಂದು ಸಣ್ಣ ವಿಷಯ” ಅನ್ನುವುದೇ ಅವತ್ತಿನ ಕೆಲಸ.

ಹೆಚ್ಚು ದುಡ್ಡು ಸೋರುವುದು ಜಪಾನಿ ಗಿರಾಕಿಯ ಹತ್ತಿರ. ಅಲ್ಲಿ ಆಕ್ಷೇಪ ಪ್ರಶ್ನೆಯಾಗಿ ಬರುತ್ತದೆ. ಗೋಡೆಯ ದಪ್ಪದ ಬಗ್ಗೆ ಅದೇ ಪ್ರಶ್ನೆ ಮೂರನೇ ಸಲ ಬಂತೆಂದರೆ ಉತ್ತರ ಬರೆಯುತ್ತ ಕೂಡಬೇಡಿ, ಪ್ಯಾಟರ್ನ್ (ಅಚ್ಚು ಮೂಡಿಸುವ ಮಾದರಿ) ಇಳಿಸಿ ಅಳೆಯಿರಿ. ದರ ಹೇಳಿದ ಮೇಲೆ ಮೀಟಿಂಗಿನಲ್ಲಿ ಮೌನ ಬೀಳುತ್ತದೆ. ಅವರು ವಿಚಾರ ಮಾಡುತ್ತಿರುತ್ತಾರೆ. ನಮ್ಮವರು ಗಾಬರಿಬಿದ್ದು ತಾವಾಗಿ 3–4 ಶೇಕಡಾ ಇಳಿಸುತ್ತಾರೆ. ಕೆಜಿಗೆ 130ರ ಆಸುಪಾಸಿನ ಕಾಸ್ಟಿಂಗಿನಲ್ಲಿ ಲಾಭವೇ ಅಷ್ಟಿರುತ್ತದೆ. ಪೆನ್ನು ಕೆಳಗಿಟ್ಟು ಸುಮ್ಮನಿರಬೇಕು. ಡೀವಿಯೇಷನ್ (ಡ್ರಾಯಿಂಗಿನಿಂದ ಸ್ವಲ್ಪ ಬದಲಿಸಲು ಒಪ್ಪಿಗೆ) ಏನಾದರೂ ಬೇಕಿದ್ದರೆ ಮೀಟಿಂಗಿಗೆ ಒಂದು ವಾರ ಮೊದಲೇ ಅವರ ಎಂಜಿನಿಯರ್ ಒಬ್ಬರಿಗೇ ಡ್ರಾಯಿಂಗ್ ಕಳಿಸಿ, ಅವರು ಒಳಗೆ ಎಲ್ಲರನ್ನೂ ಒಪ್ಪಿಸಿಕೊಂಡು ಬರುತ್ತಾರೆ. ಎಲ್ಲರೆದುರು ಮೊದಲ ಸಲ ಎತ್ತಿದರೆ ಅಲ್ಲಿಗೇ ಮುಗಿಯಿತು. “ಒಪ್ಪುತ್ತೀರಾ” ಅಂತ ಕೇಳದೆ ಎರಡು ದಾರಿ ಮುಂದಿಟ್ಟು ಯಾವುದು ಅನುಕೂಲ ಅಂತ ಕೇಳಬೇಕು. 

ಇದೇ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೊಂದರೆ ಕಂಡರೆ ಅಂಡಾನ್ ಅನ್ನುವ ಎಚ್ಚರಿಕೆಯ ಹಗ್ಗ ಜಗ್ಗಿ (ಈಗ ಹಲವೆಡೆ ಗುಂಡಿ ಒತ್ತಿ) ಯಾವ ಕೆಲಸಗಾರನೂ ಲೈನ್ ನಿಲ್ಲಿಸಬಹುದು. ಬಾಯಿ ಬಿಟ್ಟು ಹೇಳಲು ಕಷ್ಟವಾದದ್ದನ್ನು ಹಗ್ಗ ಹೇಳುತ್ತದೆ. ಅದನ್ನು ನೋಡಿ ಮೋಲ್ಡಿಂಗ್ ಲೈನಿನಲ್ಲಿ ಕೆಂಪು ಕಾರ್ಡ್ ಇಟ್ಟೆವು. ಯಾರೂ ಎತ್ತಲಿಲ್ಲ. ನಮ್ಮ ಮೋಲ್ಡರ್ ನಾಲ್ಕು ಮಂದಿ ಮುಂದೆ ಸೂಪರ್‌ವೈಸರ್ ಸಾಹೇಬರಿಗೆ ಇಲ್ಲ ಅನ್ನುವುದಿಲ್ಲ, “ಆಕ್ಕೈತ್ರಿ, ಮಾಡೂನ್ರಿ” ಅಂತಾನೆ. ಪ್ರಶ್ನೆ ಬದಲಿಸಿದ ಮೇಲೆ ಕೆಲಸ ಆಯಿತು: “ನಾಳಿಗೆ ಆಗ್ತೈತೇನೊ” ಅನ್ನುವ ಬದಲು ಚಹಾದ ಹೊತ್ತಿಗೆ ಬದಿಗೆ ಕರೆದು “ಎಷ್ಟ್ ಬಾಕ್ಸ್ ಬೀಳ್ತಾವಪಾ, ಏನೇನ್ ಅಡ್ಡ ಬರ್ತೈತಿ?” ಆಗ ಕೋರ್ ಕಡಿಮೆ ಇರುವುದು, ಮಿಕ್ಸರಿನ ಬೆಲ್ಟ್ ಸವೆದಿರುವುದು ಎಲ್ಲ ಹೊರಬೀಳುತ್ತದೆ. ತಾರೀಖು, ನಗ (ಎಷ್ಟು ಪೀಸ್), ಮಾಡುವವನ ಹೆಸರು ಮೂರೂ ಸಿಕ್ಕಾಗ ಮಾತ್ರ ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ. ಜರ್ಮನಿಗೆ ಹೋಗುವ ಮೊದಲ ಸಾಲು ತಯಾರಾಗುವುದು ಇಲ್ಲಿಯೇ.

ದೇಶ ನೋಡಿ ಅಂದಾಜು ಹಿಡಿಯುವುದು ಆರಂಭಕ್ಕಷ್ಟೇ. ಜರ್ಮನಿಯಲ್ಲಿ ಕೆಲಸ ಮಾಡಿದ ಜಪಾನಿ ಎಂಜಿನಿಯರ್ ನೇರವಾಗಿಯೇ ಬರೆಯುತ್ತಾರೆ. ಅದಕ್ಕೇ ಹೊಸ ಖರೀದಿದಾರ ಬಂದಾಗ ಮೊದಲ ಸ್ಯಾಂಪಲ್ ಜೊತೆ ಪೇಂಟಿನದೋ ಪ್ಯಾಕಿಂಗಿನದೋ ಒಂದು ಸಣ್ಣ ಬದಲಾವಣೆ ಕೇಳುತ್ತೇವೆ. ಒಂದೇ ಸಾಲಿನಲ್ಲಿ ಬೇಡ ಅಂತ ಬಂತೋ, ಮೂರು ಪ್ರಶ್ನೆ ಬಂದವೋ, ಉತ್ತರವೇ ಬರಲಿಲ್ಲವೋ ನೋಡಿ ಆ ಪಾರ್ಟಿನ ಫೈಲಿನ ಮೇಲೆ ಗುರುತು ಹಾಕುತ್ತೇವೆ. ಖರೀದಿದಾರ ಬದಲಾದರೆ ಗುರುತೂ ಹೊಸದು.