ನರತಂತು ಎಣಿಸಿದ ಮೂರು ಬಗೆ

ಮೈಸೂರಿನ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಎಣಿಕೆಯ ಕೆಲಸ. ಇಲಿಯ ಹಿಂಗಾಲಿಗೆ ಹೋಗುವ ದಪ್ಪ ನರವಾದ ಸಯಾಟಿಕ್ ನರಕ್ಕೆ ಪೆಟ್ಟಾದ ಜಾಗದ ಕೆಳಭಾಗದಲ್ಲಿ ಎಷ್ಟು ತಂತುಗಳು ಮತ್ತೆ ಬೆಳೆದಿವೆ ಎಂದು ನೋಡಬೇಕಿತ್ತು. ಆಸ್ಮಿಯಂ ಟೆಟ್ರಾಕ್ಸೈಡ್ ಎಂಬ ರಾಸಾಯನಿಕ ಹಿಡಿಸಿದ ನರವನ್ನು ರೆಸಿನ್‌ನಲ್ಲಿ ಕೂರಿಸಿ, ಸುಮಾರು 1 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಟೊಲುಯಿಡಿನ್ ಬ್ಲೂ ಬಣ್ಣ ಹಾಕಿದರೆ ತಂತುಗಳನ್ನು ಸುತ್ತಿದ ಕೊಬ್ಬಿನ ಪದರವಾದ ಮೈಲಿನ್ ಹೊದಿಕೆಗಳು ಕಡುನೀಲಿ ಬಳೆಗಳಂತೆ ಕಾಣುತ್ತವೆ.

ಮೊದಲು ಬಳೆಗಳು ಚೆನ್ನಾಗಿ ಕಂಡ ಕಡೆಗಳನ್ನಷ್ಟೇ ಆರಿಸಿ ಎಣಿಸಿ, ಇಡೀ ನರದ ವಿಸ್ತೀರ್ಣಕ್ಕೆ ಗುಣಿಸಿದೆ. ಸಂಖ್ಯೆ ನಂಬಲಾರದಷ್ಟು ದೊಡ್ಡದಾಗಿ ಬಂತು. ತಪ್ಪು ಹೊಳೆದದ್ದು ಮಂಡ್ಯದ ನಮ್ಮ ಗದ್ದೆ ನೆನಪಾದಾಗ. ಇಳುವರಿ ಅಂದಾಜಿಸುವ ಬೆಳೆ ಕಟಾವು ಪ್ರಯೋಗಕ್ಕೆ ಬಂದ ಗ್ರಾಮ ಲೆಕ್ಕಾಧಿಕಾರಿಗೆ ಅಪ್ಪ ತೆನೆ ತುಂಬಿದ ಮೂಲೆಯನ್ನು ತೋರಿಸಿದ್ದರು. ಅವರು ಒಪ್ಪಲಿಲ್ಲ, ಯಾದೃಚ್ಛಿಕ ಸಂಖ್ಯೆ ಹೇಳಿದ ಕಡೆಗೇ ಹೆಜ್ಜೆ ಅಳೆದು ಗೂಟ ನೆಟ್ಟರು. ನಾನು ಸ್ಲೈಡಿನ ಮೇಲೆ ತೆನೆ ತುಂಬಿದ ಮೂಲೆಯನ್ನೇ ಕೊಯ್ದಿದ್ದೆ.

ಎರಡನೆಯದು, ಚಿತ್ರದಲ್ಲಿನ ಆಕಾರಗಳನ್ನು ತಾನೇ ಎಣಿಸುವ ಇಮೇಜ್‌ಜೆ ತಂತ್ರಾಂಶ. ಅದು ವೇಗವಾಗಿದೆ, ದಣಿಯುವುದಿಲ್ಲ. ಆದರೆ ಒಂದಕ್ಕೊಂದು ಅಂಟಿದ ಎರಡು ಬಳೆಗಳನ್ನು ಒಂದೆಂದಿತು, ಹೊಸ ತಂತುವಿನ ತೆಳುವಾದ ಹೊದಿಕೆಯನ್ನು ಬಿಟ್ಟಿತು, ಅಳಿದ ಮೈಲಿನ್‌ನ ಚೂರುಗಳನ್ನು ತಂತುವೆಂದು ಸೇರಿಸಿಕೊಂಡಿತು. ಮತ್ತೆ ಬೆಳೆಯುತ್ತಿರುವ ನರದಲ್ಲಿ ತುಂಬಿರುವುದೇ ಇವು.

ಮೂರನೆಯ ಬಗೆಯಲ್ಲಿ ನರದ ಚಿತ್ರದ ಮೇಲೆ ಸಣ್ಣ ಚೌಕಗಳನ್ನಿಟ್ಟು ಅವುಗಳಲ್ಲಿ ಬಿದ್ದ ತಂತುಗಳನ್ನಷ್ಟೇ ಎಣಿಸಿದೆ. ಮೊದಲ ಚೌಕದ ಜಾಗವನ್ನು ಮಾತ್ರ ಚೀಟಿ ಎತ್ತಿ ಗೊತ್ತುಮಾಡಿದೆ. ಉಳಿದವನ್ನು ಸಮಾನ ಅಂತರದಲ್ಲಿ ಇಟ್ಟೆ. ಚೌಕದ ಎಡ ಮತ್ತು ಕೆಳ ಗೆರೆ ಮುಟ್ಟಿದ ತಂತುವನ್ನು ಬಿಡಬೇಕು, ಬಲ ಮತ್ತು ಮೇಲಿನ ಗೆರೆ ಮುಟ್ಟಿದ್ದನ್ನು ಸೇರಿಸಬೇಕು. ದಪ್ಪ ತಂತು ಗೆರೆಗೆ ತಾಗುವ ಸಾಧ್ಯತೆ ಹೆಚ್ಚು. ತಾಗಿದ್ದನ್ನೆಲ್ಲ ಎಣಿಸಿದರೆ ದಪ್ಪ ತಂತುಗಳಿಗೆ ಸಲ್ಲದ ಪಾಲು ಸಿಗುತ್ತದೆ, ಎಲ್ಲವನ್ನೂ ಬಿಟ್ಟರೆ ಅವುಗಳಿಗೇ ನಷ್ಟ. ಯಾವ ಸ್ಲೈಡ್ ಯಾವ ಇಲಿಯದೆಂದು ನನಗೆ ತಿಳಿಯದಂತೆ ಗೆಳತಿಯಿಂದ ಗುರುತುಗಳನ್ನು ಮುಚ್ಚಿಸಿದ್ದೆ. ಕೊನೆಗೆ ಕೆಲವು ಸ್ಲೈಡ್‌ಗಳಲ್ಲಿ ಒಂದೂ ಬಿಡದೆ ಇಡೀ ನರವನ್ನು ಎಣಿಸಿ ತಾಳೆ ನೋಡಿದೆ. ಹತ್ತಿರ ಬಂದದ್ದು ಈ ಮೂರನೆಯ ಲೆಕ್ಕವೇ.

ಎಣಿಕೆ ಸರಿಯಾದರೂ ಅದೊಂದೇ ಸಾಲದು. ತುಂಡಾದ ಒಂದು ತಂತು ಹಲವು ಕವಲು ಒಡೆಯುತ್ತದೆ. ಹಾಗಾಗಿ ಸಂಖ್ಯೆ ಹೆಚ್ಚಿದ್ದರೆ ನರ ಗುಣವಾಗಿದೆ ಎನ್ನಲಾಗದು. ಹೊದಿಕೆಯ ಒಳಗಿನ ಎಳೆಯಾದ ಆಕ್ಸಾನ್‌ನ ವ್ಯಾಸವನ್ನು ಹೊದಿಕೆ ಸೇರಿದ ವ್ಯಾಸದಿಂದ ಭಾಗಿಸಿದರೆ ಬರುವ ಜಿ-ಅನುಪಾತವನ್ನೂ ಈಗ ಅಳೆಯುತ್ತೇನೆ. ಆರೋಗ್ಯವಂತ ನರದಲ್ಲಿ ಅದು ಸುಮಾರು 0.6 ರಿಂದ 0.7, ಹೊಸ ತಂತುವಿನ ಹೊದಿಕೆ ತೆಳುವಾದ್ದರಿಂದ ಹೆಚ್ಚಿರುತ್ತದೆ. ಈ ಅಳತೆಗೆ ತಂತ್ರಾಂಶವನ್ನೇ ಬಳಸುತ್ತೇನೆ, ಪ್ರತಿ ಬಳೆಯ ಅಂಚನ್ನು ಕೈಯಿಂದ ತಿದ್ದಿದ ಮೇಲೆ. ಮೈಲಿನ್ ಇಲ್ಲದ ಸಣ್ಣ ತಂತುಗಳನ್ನು ಎಣಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅದಕ್ಕೇ ನನ್ನ ವರದಿಯಲ್ಲಿ ಬರಿದೇ ‘ತಂತುಗಳು’ ಎಂದು ಬರೆಯುವುದಿಲ್ಲ, ‘ಮೈಲಿನ್ ಹೊದ್ದ ತಂತುಗಳು’ ಎಂದೇ ಬರೆಯುತ್ತೇನೆ.